ಎನ್‌95 ತಡೆಯದ ಥಿನ್ನರ್

ಬಣ್ಣದ ಶೆಡ್ಡುಗಳ ತಪಾಸಣೆಗೆ ಹೋದಾಗಲೆಲ್ಲ ಮಾಲೀಕರು ಮೊದಲು ತೋರಿಸುವುದು ಮಾಸ್ಕುಗಳ ಡಬ್ಬವನ್ನು. ಪೀಣ್ಯದ ಒಂದು ಶೆಡ್ಡಿನಲ್ಲಿ ಸ್ಪ್ರೇ ಗನ್ ಹಿಡಿದಿದ್ದ ಹುಡುಗನನ್ನು, "ಮಾಸ್ಕ್ ಹಾಕಿಕೊಂಡಾಗ ಥಿನ್ನರ್ ವಾಸನೆ ಬರುತ್ತದೇನಪ್ಪ?" ಎಂದು ಕೇಳಿದೆ. "ಬೆಳಿಗ್ಗೆ ಬರುತ್ತೆ ಸಾರ್, ಆಮೇಲೆ ಗೊತ್ತಾಗಲ್ಲ" ಎಂದ. ಮಾಲೀಕರು ಇದನ್ನು ಮಾಸ್ಕಿನ ಮಹಿಮೆಯೆಂದೇ ತಿಳಿದರು. ವಾಸ್ತವದಲ್ಲಿ ಗಾಳಿ ಶುದ್ಧವಾಗಿರಲಿಲ್ಲ. ಹುಡುಗನ ಮೂಗು ಆ ವಾಸನೆಗೆ ಒಗ್ಗಿಹೋಗಿತ್ತು.

ಅಲ್ಲಿ ಬಳಸುತ್ತಿದ್ದ ಥಿನ್ನರಿನಲ್ಲಿ ಹೆಚ್ಚಿನ ಪಾಲು ಟಾಲ್ಯೂಯಿನ್. ರಾಳವನ್ನು ಚೆನ್ನಾಗಿ ಕರಗಿಸಿ ಬೇಗ ಆರುವ ಈ ದ್ರಾವಕವನ್ನು ಬಿಟ್ಟುಬಿಡಿ ಎಂದು ನಾನು ಹೇಳುವುದಿಲ್ಲ. ನಾನು ಹೇಳಿ ಹೇಳಿ ಸೋತಿರುವುದು ಒಂದೇ ಮಾತು: ಎನ್‌95 ಹಿಡಿಯುವುದು ಕಣಗಳನ್ನು, ಆವಿಯನ್ನಲ್ಲ. ಗನ್ನಿನಿಂದ ಹಾರುವ ಬಣ್ಣದ ಸಣ್ಣ ಹನಿಗಳು ಮಾಸ್ಕಿನ ಎಳೆಗಳಿಗೆ ಅಂಟಿಕೊಳ್ಳಬಹುದು, ಆದರೆ ಆ ಹನಿಯಿಂದ ಆವಿಯಾಗಿ ಗಾಳಿಯಲ್ಲಿ ಬೆರೆತ ಟಾಲ್ಯೂಯಿನ್, ಆಮ್ಲಜನಕವು ಯಾವ ದಾರಿಯಲ್ಲಿ ಒಳಬರುತ್ತದೆಯೋ ಅದೇ ದಾರಿಯಲ್ಲಿ ತಾನೂ ಒಳಬರುತ್ತದೆ. ಎರಡು ಮಾಸ್ಕ್ ಹಾಕಿದರೂ, ಒದ್ದೆ ಬಟ್ಟೆ ಸುತ್ತಿದರೂ ಅಷ್ಟೇ. ಟಾಲ್ಯೂಯಿನ್ ನೀರಿನಲ್ಲಿ ಕರಗುವುದೇ ಬಹಳ ಕಡಿಮೆ. ಆವಿಯನ್ನು ಹಿಡಿಯಲು ಸಕ್ರಿಯ ಇದ್ದಿಲು ತುಂಬಿದ, ಸಾವಯವ ಆವಿಗೆಂದೇ ಗುರುತಿಸಿದ ಕಾರ್ಟ್ರಿಜ್ ಇರುವ, ಮುಖಕ್ಕೆ ಬಿಗಿಯಾಗಿ ಕೂರುವ ರೆಸ್ಪಿರೇಟರ್ ಬೇಕು. ಬಣ್ಣದಲ್ಲಿ ಐಸೋಸಯನೇಟ್ (ಕೆಲವು ಬಣ್ಣಗಳ ಗಟ್ಟಿಕಾರಕದಲ್ಲಿರುವ, ಉಸಿರಾಟಕ್ಕೆ ಅಪಾಯಕಾರಿ ರಾಸಾಯನಿಕ) ಇದ್ದರೆ ಅದೂ ಸಾಲದಿರಬಹುದು, ಆಗ ಸ್ಥಳ ನೋಡದೆ ಸಲಹೆ ಕೊಡಲಾರೆ.

ತಲೆನೋವು, ತಲೆಸುತ್ತು ಬೇಗ ಕಾಣಿಸಿಕೊಳ್ಳುತ್ತವೆ. ವರ್ಷಗಟ್ಟಲೆ ಈ ಆವಿಯನ್ನು ಉಸಿರಾಡಿದರೆ ಶ್ರವಣಶಕ್ತಿ, ನೆನಪು, ಬಣ್ಣ ಗುರುತಿಸುವ ಶಕ್ತಿಯೂ ಕುಂದಬಹುದು. ದೇಹ ಸೇರಿದ ಟಾಲ್ಯೂಯಿನ್ ಬಹುಪಾಲು ಹಿಪ್ಯೂರಿಕ್ ಆಮ್ಲವಾಗಿ ಹೊರಬೀಳುವುದರಿಂದ ಮೂತ್ರದಲ್ಲಿ ಅದನ್ನು ಅಳೆಯುವ ಪದ್ಧತಿಯಿದೆ, ಆದರೆ ಕೆಡದಂತೆ ಬೆಂಜೊಯೇಟ್ ಬೆರೆಸಿದ ಉಪ್ಪಿನಕಾಯಿ ತಿಂದವನಲ್ಲೂ ಅದು ಏರುವುದರಿಂದ ಆ ಒಂದು ಅಂಕಿಯನ್ನೇ ನಂಬಿ ಯಾರನ್ನೂ ಕೆಲಸದಿಂದ ಬಿಡಿಸಬೇಡಿ.

ಮಾಸ್ಕಿಗಿಂತ ಮೊದಲು ಸರಿಪಡಿಸಬೇಕಾದದ್ದು ಗಾಳಿ. ಟಾಲ್ಯೂಯಿನ್ ಆವಿ ಗಾಳಿಗಿಂತ ಸುಮಾರು 3 ಪಟ್ಟು ಭಾರ, ಹಾಗಾಗಿ ಅದು ನೆಲದ ಬಳಿಯೇ ಸೇರಿಕೊಳ್ಳಬಹುದು. ಆ ಶೆಡ್ಡಿನ ಫ್ಯಾನ್ ಇದ್ದದ್ದು ಸೂರಿನ ಕೆಳಗೆ, ಸ್ಪ್ರೇ ನಡೆಯುತ್ತಿದ್ದದ್ದು ಮೊಣಕಾಲೆತ್ತರದಲ್ಲಿ. ಟಾಲ್ಯೂಯಿನ್‌ನ ಜ್ವಲನಬಿಂದು (ಕಿಡಿ ತಗುಲಿದರೆ ಹೊತ್ತಿಕೊಳ್ಳುವಷ್ಟು ಆವಿ ಏಳುವ ಕನಿಷ್ಠ ತಾಪಮಾನ) ಸುಮಾರು 4 ಡಿಗ್ರಿ ಸೆಲ್ಸಿಯಸ್ ಆದ್ದರಿಂದ ಬೆಂಗಳೂರಿನ ಚಳಿಗಾಲದಲ್ಲೂ ಕಿಡಿಯೊಂದೇ ಸಾಕು. ಆವಿಯನ್ನು ಎಳೆಯಲು ಫ್ಯಾನ್ ಕೆಳಗಿರಬೇಕು, ಆದರೆ ಸಾದಾ ಮೋಟಾರಿನ ಫ್ಯಾನನ್ನೇ ಕೆಳಗಿಳಿಸಬಾರದು, ಕಿಡಿ ಹೊರಬೀಳದ ಫ್ಲೇಮ್‌ಪ್ರೂಫ್ ಮೋಟಾರೇ ಬೇಕು.

ಎರಡನೆಯ ಭೇಟಿಯಲ್ಲಿ ಮಾಲೀಕರು ಹೊಸ ರೆಸ್ಪಿರೇಟರ್ ತೋರಿಸಿದರು. ಬಾಯಿ ತೆರೆದ ಥಿನ್ನರ್ ಡಬ್ಬದ ನೇರ ಮೇಲಿನ ಮೊಳೆಗೆ ಅದನ್ನು ತೂಗುಹಾಕಿದ್ದರು. ರಾತ್ರಿಯಿಡೀ ಆವಿ ಕುಡಿದ ಕಾರ್ಟ್ರಿಜ್ ಬೆಳಿಗ್ಗೆಯ ಹೊತ್ತಿಗೆ ಅರ್ಧ ಮುಗಿದಿರುತ್ತದೆ ಎಂದು ವಿವರಿಸಿ, ಮುಚ್ಚಳವಿರುವ ಒಂದು ಪ್ಲಾಸ್ಟಿಕ್ ಡಬ್ಬ ತರಿಸಿದೆ.