ಮೌಂಟ್: ನೆಟ್‌ವರ್ಕ್ ಫೈಲು ಫೈಲ್ ಮ್ಯಾನೇಜರಿಗೆ ಕಂಡರೂ ಪ್ರೋಗ್ರಾಮಿಗೆ ಏಕೆ ಸಿಗುವುದಿಲ್ಲ

ಬಳ್ಳಾರಿಯ ಒಂದು ಜೀನ್ಸ್ ಘಟಕ ಎಂದುಕೊಳ್ಳಿ. ಲೇಬಲ್ಲು, ಟ್ಯಾಗುಗಳ ಡಿಸೈನೆಲ್ಲ ಆಫೀಸಿನ ನ್ಯಾಸ್‌ನಲ್ಲಿವೆ, ಎಂದರೆ ನೆಟ್‌ವರ್ಕಿಗೆ ಜೋಡಿಸಿದ, ಎಲ್ಲರೂ ಬಳಸುವ ಡಿಸ್ಕ್ ಪೆಟ್ಟಿಗೆಯಲ್ಲಿ. ಉಬುಂಟು (ಲಿನಕ್ಸಿನ ಒಂದು ಬಗೆ) ಹಾಕಿದ ಕಂಪ್ಯೂಟರಿನ ಫೈಲ್ ಮ್ಯಾನೇಜರಿನಲ್ಲಿ ನ್ಯಾಸ್ ಫೋಲ್ಡರ್ ಕಾಣುತ್ತದೆ, ಲಿಬ್ರೆಆಫೀಸಿನ ಲೆಕ್ಕದ ಹಾಳೆ ಡಬಲ್ ಕ್ಲಿಕ್ಕಿಗೆ ತೆರೆಯುತ್ತದೆ. ಪಕ್ಕದಲ್ಲೇ ಇರುವ ಡಿಸೈನ್ ಫೈಲನ್ನು ಇನ್ನೊಂದು ಪ್ರೋಗ್ರಾಮಿನ ಓಪನ್ ಕಿಟಕಿಯಲ್ಲಿ ಹುಡುಕಿದರೆ ಆ ಫೋಲ್ಡರೇ ಇಲ್ಲ. ಪಾಸ್‌ವರ್ಡ್ ಸರಿ, ಕೇಬಲ್ ಸರಿ, ನ್ಯಾಸೂ ಸರಿ. ಷೇರ್, ಎಂದರೆ ನ್ಯಾಸ್ ನೆಟ್‌ವರ್ಕಿನಲ್ಲಿ ಹಂಚಿಕೊಂಡ ಆ ಫೋಲ್ಡರ್, ಮಾತ್ರ ಮೌಂಟ್ ಆಗಿಲ್ಲ. ಫೈಲ್ ಮ್ಯಾನೇಜರ್ ಅದನ್ನು ತನ್ನ ಮಟ್ಟಿಗೆ ತೆರೆದುಕೊಂಡಿದೆ.

ಬೇರೆಡೆ ಇರುವ ಸ್ಟೋರೇಜನ್ನು ನಮ್ಮ ಕಂಪ್ಯೂಟರಿನ ಒಂದು ಫೋಲ್ಡರಿಗೆ ಜೋಡಿಸಿ, ಅದು ಇಲ್ಲಿಯದೇ ಎಂಬಂತೆ ಬಳಸುವ ವ್ಯವಸ್ಥೆಗೆ ಮೌಂಟ್ ಎನ್ನುತ್ತಾರೆ. ಜೋಡಣೆ ಕರ್ನೆಲ್ (ಆಪರೇಟಿಂಗ್ ಸಿಸ್ಟಮ್ಮಿನ ತಿರುಳು) ಮಟ್ಟದಲ್ಲಿ ಆಗಿದ್ದರೆ ಯಾವ ಪ್ರೋಗ್ರಾಮಿಗೂ ಅದು ಮಾಮೂಲಿ ಫೋಲ್ಡರ್. ಡೆಸ್ಕ್‌ಟಾಪ್ ಮಟ್ಟದಲ್ಲಿ ಆಗಿದ್ದರೆ ಆ ಡೆಸ್ಕ್‌ಟಾಪಿನ ಭಾಷೆ ಬಲ್ಲ ಪ್ರೋಗ್ರಾಮುಗಳಿಗೆ ಮಾತ್ರ ಪೂರ್ತಿ ಸಿಗುತ್ತದೆ, ಉಳಿದವಕ್ಕೆ ಅರೆಬರೆ. ತೊಂದರೆಗಳಲ್ಲಿ ಬಹುಪಾಲು ಈ ಎರಡನ್ನೂ ಒಂದೇ ಎಂದುಕೊಳ್ಳುವುದರಿಂದ ಬರುತ್ತವೆ. (ಕಮಾಂಡು, ಆಯ್ಕೆಗಳ ಹೆಸರನ್ನು ಇಲ್ಲಿ ಉಚ್ಚಾರದಂತೆ ಕನ್ನಡದಲ್ಲಿ ಕೊಟ್ಟಿದೆ. ಟೈಪ್ ಮಾಡುವಾಗ ಎಲ್ಲವೂ ಇಂಗ್ಲಿಷಿನ ಸಣ್ಣಕ್ಷರ.)

ಡೆಸ್ಕ್‌ಟಾಪ್ ಮಟ್ಟದ ಮೌಂಟ್

ಉಬುಂಟುವಿನ ಮಾಮೂಲಿ ಡೆಸ್ಕ್‌ಟಾಪಾದ ಗ್ನೋಮ್‌ನಲ್ಲಿ ಈ ಕೆಲಸ ಮಾಡುವುದು ಜಿವಿಎಫ್‌ಎಸ್. 2008ರ ಗ್ನೋಮ್ 2.22ರೊಂದಿಗೆ ಬಂತು. ಫೈಲ್ ಮ್ಯಾನೇಜರಿನಲ್ಲಿ ಕಂಟ್ರೋಲ್ ಮತ್ತು ಎಲ್ ಒತ್ತಿ ವಿಳಾಸದ ಪಟ್ಟಿಯಲ್ಲಿ ಎಸ್‌ಎಂಬಿ://192.168.1.20/ಡಿಸೈನ್ಸ್ ಎಂದು ಬರೆದರೆ ಜಿವಿಎಫ್‌ಎಸ್ ಆ ಷೇರಿಗೆ ಸಂಪರ್ಕ ಕಟ್ಟುತ್ತದೆ. ಎಸ್‌ಎಂಬಿ ಎಂದರೆ ನೆಟ್‌ವರ್ಕಿನಲ್ಲಿ ಫೈಲು ಹಂಚಿಕೊಳ್ಳುವ ಒಂದು ಪದ್ಧತಿ. ನೆಟ್‌ವರ್ಕ್ ಪುಟದಲ್ಲಿ ನ್ಯಾಸ್ ಹೆಸರು ತಾನಾಗಿ ಕಾಣಲಿ ಎಂದು ಕಾಯಬೇಡಿ. ಆ ಹಳೆಯ ಹುಡುಕಾಟ ಎಸ್‌ಎಂಬಿ ಒಂದನೇ ಆವೃತ್ತಿಯನ್ನು ನೆಚ್ಚಿಕೊಂಡಿತ್ತು, ಅದನ್ನು ಈಗ ಬಹುತೇಕ ಎಲ್ಲ ಕಡೆ ಆಫ್ ಮಾಡಿದ್ದಾರೆ. ಪಟ್ಟಿ ಖಾಲಿಯಿದ್ದರೂ ವಿಳಾಸ ನೇರವಾಗಿ ಬರೆದರೆ ತೆರೆಯುತ್ತದೆ. ರೂಟರಿನಲ್ಲಿ ನ್ಯಾಸ್‌ಗೆ ಒಂದು ಐಪಿ (ನೆಟ್‌ವರ್ಕ್ ವಿಳಾಸ) ಕಾಯಂ ಮಾಡಿಡಿ; ಇಲ್ಲದಿದ್ದರೆ ಇವತ್ತು 20 ಇದ್ದದ್ದು ನಾಳೆ 23 ಆಗಿರುತ್ತದೆ.

ಜಿವಿಎಫ್‌ಎಸ್‌ನ ಭಾಷೆ ಗೊತ್ತಿಲ್ಲದ ಪ್ರೋಗ್ರಾಮುಗಳಿಗಾಗಿ ಒಂದು ಅಡ್ಡದಾರಿಯೂ ಇದೆ. ಫ್ಯೂಸ್ ಎಂಬ ಸೌಲಭ್ಯದ ಮೂಲಕ ಅದೇ ಷೇರು /ರನ್/ಯೂಸರ್/1000/ಜಿವಿಎಫ್‌ಎಸ್ ಎಂಬ ಜಾಗದಲ್ಲಿ ಫೋಲ್ಡರಾಗಿ ಕಾಣುತ್ತದೆ. 1000 ಎಂಬುದು ಉಬುಂಟು, ಫೆಡೋರಾದಂಥವು ಮೊದಲ ಬಳಕೆದಾರನಿಗೆ ಕೊಡುವ ಸಂಖ್ಯೆ. ನಿಮ್ಮದು ಬೇರೆ ಇರಬಹುದು, ಐಡಿ ಕಮಾಂಡ್ ಹೇಳುತ್ತದೆ. ಓಪನ್ ಕಿಟಕಿಯಲ್ಲಿ ಷೇರ್ ಕಾಣದಿದ್ದರೆ ಈ ದಾರಿಯನ್ನು ಕೈಯಾರೆ ಬರೆದು ನೋಡಿ. ಆ ಫೋಲ್ಡರೇ ಖಾಲಿಯಿದ್ದರೆ ಜಿವಿಎಫ್‌ಎಸ್-ಫ್ಯೂಸ್ ಎಂಬ ಪ್ಯಾಕೇಜ್ ಇದೆಯೇ ನೋಡಿಕೊಳ್ಳಿ.

ಲಿಬ್ರೆಆಫೀಸ್ ಮಾತ್ರ ಸಲೀಸಾಗಿ ತೆರೆಯುವುದಕ್ಕೆ ಕಾರಣ ಅದರ ಡೆಸ್ಕ್‌ಟಾಪ್ ಕಡತದಲ್ಲಿದೆ. ಪ್ರತಿ ಪ್ರೋಗ್ರಾಮಿಗೂ ಇಂಥ ಒಂದು ಪುಟ್ಟ ಕಡತವಿದ್ದು, ಅದರ ಎಕ್ಸೆಕ್ ಎಂಬ ಸಾಲಿನ ಕೊನೆಯಲ್ಲಿ %ಎಫ್ ಅಥವಾ %ಯು ಎಂದಿರುತ್ತದೆ. %ಎಫ್ ಇದ್ದರೆ ಪ್ರೋಗ್ರಾಮಿಗೆ ಮಾಮೂಲಿ ಫೋಲ್ಡರ್ ದಾರಿ ಬೇಕು, %ಯು ಇದ್ದರೆ ವಿಳಾಸವನ್ನೂ ಕೊಡಬಹುದು. ಗ್ನೋಮ್ ಇದರಲ್ಲಿ ಜಾಗರೂಕ: %ಯು ಇದ್ದರೂ ಮೇಲೆ ಹೇಳಿದ ಫ್ಯೂಸ್ ದಾರಿಯನ್ನೇ ಕೊಡುತ್ತದೆ. ಬೇಡ ಎನ್ನುವ ಪ್ರೋಗ್ರಾಂ ತನ್ನ ಕಡತದಲ್ಲಿ ಎಕ್ಸ್-ಜಿಐಒ-ನೋಫ್ಯೂಸ್ ಎಂಬ ಸಾಲು ಬರೆದಿರಬೇಕು. ಲಿಬ್ರೆಆಫೀಸ್ ಹಾಗೆ ಬರೆದುಕೊಂಡಿದೆ, ಎಸ್‌ಎಂಬಿ ವಿಳಾಸವನ್ನು ತಾನೇ ಪಡೆದು ಜಿವಿಎಫ್‌ಎಸ್ ಜೊತೆ ನೇರ ಮಾತಾಡುತ್ತದೆ. ಅದಕ್ಕೆ ಡೆಬಿಯನ್, ಉಬುಂಟುಗಳಲ್ಲಿ ಲಿಬ್ರೆಆಫೀಸ್-ಗ್ನೋಮ್ ಪ್ಯಾಕೇಜ್ ಇರಬೇಕು.

ಕೆಡಿಇ ಡೆಸ್ಕ್‌ಟಾಪಿನಲ್ಲಿ ಇದೇ ಕೆಲಸ ಕೆಐಒ ಎಂಬುದರದು. ಕೆಡಿಇಯ ಸ್ವಂತ ಪ್ರೋಗ್ರಾಮುಗಳಿಗೆ ತೊಂದರೆಯಿಲ್ಲ. ಹೊರಗಿನ ಪ್ರೋಗ್ರಾಮಿಗೆ, ಕೆಐಒ-ಫ್ಯೂಸ್ ಹಾಕಿರದಿದ್ದರೆ, ಫೈಲಿನ ತಾತ್ಕಾಲಿಕ ಪ್ರತಿಯೊಂದನ್ನು ಇಳಿಸಿ ಕೊಡುತ್ತದೆ. ತಿದ್ದಿ ಮುಚ್ಚಿದ ಮೇಲೆ ಅಪ್‌ಲೋಡ್ ಮಾಡಲೇ ಎಂದು ಕೇಳುತ್ತದೆ. ಆ ಪ್ರಶ್ನೆಯನ್ನು ನೋಡದೆ ಬೇಡ ಎಂದು ಒತ್ತಿದರೆ ನ್ಯಾಸ್‌ನಲ್ಲಿ ಹಳೆಯ ಫೈಲೇ ಉಳಿಯುತ್ತದೆ. ಕೆಐಒ-ಫ್ಯೂಸ್ ಹಾಕಿಬಿಡುವುದೇ ಲೇಸು.

ಈ ಮಟ್ಟದ ಮೌಂಟಿಗೆ ಮಿತಿಗಳಿವೆ. ಲಾಗೌಟ್ ಆದರೆ ಹೋಗುತ್ತದೆ. ಒಬ್ಬ ಬಳಕೆದಾರನದು ಇನ್ನೊಬ್ಬನಿಗೆ ಕಾಣದು, ಸಿಸ್ಟಮ್ಮಿನ ಸರ್ವಾಧಿಕಾರ ಇರುವ ರೂಟ್ ಎಂಬ ಬಳಕೆದಾರನಿಗೂ ಕಾಣದು. ಸುಡೊ ಹಾಕಿ (ರೂಟ್ ಅಧಿಕಾರದಲ್ಲಿ) ಬ್ಯಾಕಪ್ ತೆಗೆಯಲು ಹೋದವರಿಗೆ ಜಿವಿಎಫ್‌ಎಸ್ ಫೋಲ್ಡರಿನಲ್ಲಿ ಪರ್ಮಿಷನ್ ಡಿನೈಡ್ ಬರುವುದು ಇದರಿಂದ. ಫೈಲಿನ ನಡುವೆ ಹಾರಿ ಓದುತ್ತ ಬರೆಯುತ್ತ ಹೋಗುವ ಪ್ರೋಗ್ರಾಂ, ಬೇರೆಯವರು ತಿದ್ದದಂತೆ ಫೈಲಿಗೆ ಲಾಕ್ ಹಾಕಲೇಬೇಕೆನ್ನುವ ಪ್ರೋಗ್ರಾಂ ಇಲ್ಲಿ ಎಡವುತ್ತವೆ: ತೆರೆಯುವುದು ಸರಾಗ, ಸೇವ್ ಒತ್ತಿದಾಗ ಆಪರೇಷನ್ ನಾಟ್ ಸಪೋರ್ಟೆಡ್. ಪ್ರತಿ ಓದೂ ಕರ್ನೆಲ್‌ನಿಂದ ಫ್ಯೂಸಿಗೆ, ಅಲ್ಲಿಂದ ಎಸ್‌ಎಂಬಿ ನೋಡಿಕೊಳ್ಳುವ ಇನ್ನೊಂದು ಪ್ರೊಸೆಸಿಗೆ ಹೋಗಿ ಆಮೇಲೆ ಕೇಬಲ್ ಹಿಡಿಯಬೇಕಾದ್ದರಿಂದ ನೂರಾರು ಎಂಬಿಯ ಫೈಲು ತೆವಳುತ್ತದೆ. ಅಪರೂಪಕ್ಕೆ ಒಂದು ಪಿಡಿಎಫ್ ನೋಡಲು ಇದು ಧಾರಾಳ. ದಿನವಿಡೀ ಅದರ ಮೇಲೆ ಕೆಲಸ ಮಾಡುವವರು ಇದನ್ನು ನೆಚ್ಚಿ ಕೂರಬಾರದು.

ಕರ್ನೆಲ್ ಮಟ್ಟದ ಮೌಂಟ್

ಎಸ್‌ಎಂಬಿಯ ಬೇರು 1983ರ ಐಬಿಎಂನಲ್ಲಿದೆ. ವಿಂಡೋಸ್ ಅದನ್ನು ಮನೆಮಾತಾಗಿಸಿತು, 1992ರಿಂದ ಸಾಂಬಾ ಅದನ್ನು ಯುನಿಕ್ಸ್ ಕಡೆಗೂ ತಂದಿತು. ಲಿನಕ್ಸ್ ಕರ್ನೆಲಿನಲ್ಲಿ ಅದರ ಫೈಲ್‌ಸಿಸ್ಟಮ್ ಹೆಸರು ಸಿಐಎಫ್‌ಎಸ್. ಬೇಕಾದ ಪ್ಯಾಕೇಜ್ ಸಿಐಎಫ್‌ಎಸ್-ಯುಟಿಲ್ಸ್. ಅದಿಲ್ಲದೆ ಮೌಂಟ್ ಮಾಡಿದರೆ ಬ್ಯಾಡ್ ಆಪ್ಷನ್, ಬ್ಯಾಡ್ ಸೂಪರ್‌ಬ್ಲಾಕ್ ಎಂದೆಲ್ಲ ಹೆದರಿಸುತ್ತದೆ. ಡಿಸ್ಕಿಗೆ ಏನೂ ಆಗಿರುವುದಿಲ್ಲ.

ಮೊದಲು /ಎಂಎನ್‌ಟಿ ಒಳಗೆ ಡಿಸೈನ್ಸ್ ಎಂಬ ಖಾಲಿ ಫೋಲ್ಡರ್ ಮಾಡಿ. ಆಮೇಲೆ /ಇಟಿಸಿ ಒಳಗೆ ಗುಟ್ಟಿನ ಕಡತವೊಂದನ್ನು ಮಾಡಿ, ಒಂದು ಸಾಲಿನಲ್ಲಿ ಯೂಸರ್‌ನೇಮ್=, ಇನ್ನೊಂದರಲ್ಲಿ ಪಾಸ್‌ವರ್ಡ್= ಬರೆಯಿರಿ. ಸಮ ಚಿಹ್ನೆಯ ಅಕ್ಕಪಕ್ಕ ಜಾಗ ಬಿಡಬೇಡಿ. ಅದರ ಒಡೆತನ ರೂಟ್‌ನದೇ ಇರಲಿ, ಅನುಮತಿ 600, ಎಂದರೆ ಒಡೆಯನನ್ನು ಬಿಟ್ಟು ಯಾರೂ ಓದುವಂತಿಲ್ಲ. ಪಾಸ್‌ವರ್ಡನ್ನು ಮೌಂಟ್ ಸಾಲಿನಲ್ಲೇ ಬರೆದರೆ ಯಾರು ಬೇಕಾದರೂ ಓದಬಹುದು. ಅದರಲ್ಲಿ ಕಾಮಾ ಇದ್ದರಂತೂ ಸಾಲೇ ಅಲ್ಲಿಗೆ ತುಂಡಾಗುತ್ತದೆ.

ಇನ್ನು, ಏನೇನು ಎಲ್ಲಿ ಮೌಂಟ್ ಆಗಬೇಕೆಂಬ ಪಟ್ಟಿಯಾದ /ಇಟಿಸಿ/ಎಫ್‌ಎಸ್‌ಟ್ಯಾಬ್ ಕಡತದಲ್ಲಿ ಒಂದೇ ಸಾಲು. ಮೊದಲು ಷೇರಿನ ವಿಳಾಸ //192.168.1.20/ಡಿಸೈನ್ಸ್, ನಂತರ ಫೋಲ್ಡರ್ ದಾರಿ /ಎಂಎನ್‌ಟಿ/ಡಿಸೈನ್ಸ್, ನಂತರ ಸಿಐಎಫ್‌ಎಸ್, ನಂತರ ಆಯ್ಕೆಗಳು, ಕೊನೆಗೆ 0 0. ಆಯ್ಕೆಗಳ ನಡುವೆ ಕಾಮಾ ಮಾತ್ರ, ಖಾಲಿ ಜಾಗ ಸಲ್ಲದು. ಷೇರಿನ ಹೆಸರಿನಲ್ಲೇ ಖಾಲಿ ಜಾಗವಿದ್ದರೆ ಅಲ್ಲಿ \040 ಬರೆಯಬೇಕು. ಕ್ರೆಡೆನ್ಷಿಯಲ್ಸ್= ಮುಂದೆ ಗುಟ್ಟಿನ ಕಡತದ ದಾರಿ. ಯುಐಡಿ=1000, ಜಿಐಡಿ=1000 (ಫೈಲು ಯಾವ ಬಳಕೆದಾರನದು, ಯಾವ ಗುಂಪಿನದು ಎಂಬ ಸಂಖ್ಯೆಗಳು) ಮರೆಯಲೇಬಾರದ ಜೋಡಿ: ಇವಿಲ್ಲದಿದ್ದರೆ ಫೈಲುಗಳೆಲ್ಲ ರೂಟ್‌ನವಾಗಿ ಕಂಡು, ಓದಲು ಸಿಕ್ಕು, ಸೇವ್ ಮಾಡಲು ಮಾತ್ರ ಬಿಡುವುದಿಲ್ಲ. ಜನ ಆಗ ನ್ಯಾಸ್‌ನ ಅನುಮತಿಗಳನ್ನು ತಿದ್ದುತ್ತಾ ಕೂರುತ್ತಾರೆ, ಕೆಟ್ಟಿರುವುದು ಈ ಕಡೆ. ಸೇರಿಸಿದ ಮೇಲೆ ಸಿಸ್ಟಮ್‌ಸಿಟಿಎಲ್ ಡೀಮನ್-ರೀಲೋಡ್, ಆಮೇಲೆ ಮೌಂಟ್ -ಎ, ಎರಡೂ ಸುಡೊ ಹಾಕಿ. ಫೈಂಡ್‌ಎಂಎನ್‌ಟಿ ಕಮಾಂಡಿನಲ್ಲಿ ಸಿಐಎಫ್‌ಎಸ್ ಸಾಲು ಕಂಡರೆ ಮೌಂಟ್ ಆಗಿದೆ.

ಆಗದಿದ್ದರೆ ಎರರ್ ಸಂಖ್ಯೆ ನೋಡಿ. 13 ಬಂದರೆ ಹೆಸರು ಅಥವಾ ಪಾಸ್‌ವರ್ಡ್ ತಪ್ಪು, ಇಲ್ಲವೇ ಆ ಬಳಕೆದಾರನಿಗೆ ಷೇರಿನ ಅನುಮತಿ ಇಲ್ಲ. 2 ಬಂದರೆ ಷೇರಿನ ಹೆಸರು ತಪ್ಪಿದೆ. 115 ಬಂದರೆ ನ್ಯಾಸ್ ಸಿಗುತ್ತಿಲ್ಲ; ಐಪಿ ಮತ್ತು ಪೋರ್ಟ್ 445 ನೋಡಿಕೊಳ್ಳಿ. 112 ದಿಕ್ಕು ತಪ್ಪಿಸುವಂಥದು. ಹೋಸ್ಟ್ ಈಸ್ ಡೌನ್ ಎನ್ನುತ್ತದೆ, ನ್ಯಾಸ್ ಎದುರಿಗೇ ದೀಪ ಮಿನುಗಿಸುತ್ತಿರುತ್ತದೆ. ಹಳೆಯ ನ್ಯಾಸ್ ಎಸ್‌ಎಂಬಿ ಒಂದನೇ ಆವೃತ್ತಿ ಮಾತ್ರ ಬಲ್ಲದು, ಕರ್ನೆಲ್ ಅದನ್ನು ಒಲ್ಲೆ ಎನ್ನುತ್ತಿದೆ ಎಂಬುದೇ ಹೆಚ್ಚಾಗಿ ಅದರ ಅರ್ಥ. ಈ ಒಂದನೇ ಆವೃತ್ತಿಯ ಮೂಲಕ ಹಬ್ಬಿದ ವಾನ್ನಕ್ರೈ ವೈರಸ್ ಹಾವಳಿಯಿಟ್ಟ 2017ರಲ್ಲೇ ಕರ್ನೆಲ್ 4.13 ಒಂದನೇ ಆವೃತ್ತಿಯನ್ನು ಡೀಫಾಲ್ಟಿನಿಂದ ತೆಗೆಯಿತು. ವರ್ಸ್=1.0 ಎಂದು ಸೇರಿಸಿದರೆ ಮೌಂಟ್ ಆಗಬಹುದು, ಆದರೆ ಅದನ್ನು ಫೈಲುಗಳನ್ನು ಈಚೆ ತೆಗೆಯುವವರೆಗೆ ಮಾತ್ರ ಇಟ್ಟುಕೊಳ್ಳಿ. ಫರ್ಮ್‌ವೇರ್ ಅಪ್‌ಡೇಟ್ ಸಿಗದ ನ್ಯಾಸನ್ನು ಬದಲಿಸುವುದು ಒಳ್ಳೆಯದು.

ಕರೆಂಟ್ ಹೋಗಿ ಬಂದಾಗ

ನಮ್ಮ ಕಡೆ ಇದನ್ನು ಲೆಕ್ಕಕ್ಕೆ ಹಿಡಿಯದೆ ಮೌಂಟ್ ಮಾಡುವಂತಿಲ್ಲ. ಗಂಗಾವತಿಯ ರೈಸ್ ಮಿಲ್ಲಿನ ಆಫೀಸಾಗಲಿ, ರಾಯಚೂರಿನ ಹತ್ತಿ ಅಡತಿಯಾಗಲಿ, ಕರೆಂಟ್ ಬಂದ ಕೂಡಲೇ ಎಸ್‌ಎಸ್‌ಡಿ ಹಾಕಿದ ಕಂಪ್ಯೂಟರ್ ಅರ್ಧ ನಿಮಿಷದಲ್ಲಿ ಎದ್ದು ನಿಲ್ಲುತ್ತದೆ. ನ್ಯಾಸ್ ಡಿಸ್ಕುಗಳನ್ನು ತಪಾಸಣೆ ಮಾಡಿಕೊಂಡು ಏಳಲು ಇನ್ನೂ ನಿಮಿಷಗಳು ಬೇಕು. ಕಂಪ್ಯೂಟರ್ ಬೂಟ್ ಆಗುವಾಗ ಷೇರ್ ಸಿಗದಿದ್ದರೆ ಲಾಗಿನ್ ಪರದೆ 90 ಸೆಕೆಂಡಿನವರೆಗೂ ಕಾಯಿಸಬಹುದು, ಆಮೇಲೆ ಮೌಂಟ್ ಇಲ್ಲದೆಯೇ ಮುಂದೆ ಹೋಗುತ್ತದೆ.

ಅಪಾಯ ಅಲ್ಲಿಂದ ಶುರು. /ಎಂಎನ್‌ಟಿ/ಡಿಸೈನ್ಸ್ ಫೋಲ್ಡರ್ ಇನ್ನೂ ಇದೆ, ಆದರೆ ಖಾಲಿ. ಅದು ಬಳಕೆದಾರನ ಒಡೆತನದಲ್ಲಿದ್ದರೆ ಪ್ರೋಗ್ರಾಂ ಯಾವ ತಕರಾರೂ ಇಲ್ಲದೆ ಅದರೊಳಗೆ ಸೇವ್ ಮಾಡುತ್ತದೆ. ಫೈಲು ನ್ಯಾಸ್‌ಗೆ ಹೋಗಿಲ್ಲ, ಇದೇ ಕಂಪ್ಯೂಟರಿನ ಡಿಸ್ಕಿನಲ್ಲಿದೆ. ಮಧ್ಯಾಹ್ನ ಯಾರೋ ಮೌಂಟ್ ಮಾಡಿದಾಗ ಷೇರು ಅದೇ ಫೋಲ್ಡರಿನ ಮೇಲೆ ಬಂದು ಕೂರುತ್ತದೆ, ಬೆಳಿಗ್ಗೆಯ ಕೆಲಸ ಅಡಿಯಲ್ಲಿ ಮುಚ್ಚಿಹೋಗುತ್ತದೆ. ಕಳೆದಿಲ್ಲ, ಯುಮೌಂಟ್ ಮಾಡಿ (ಜೋಡಣೆ ಬಿಡಿಸಿ) ನೋಡಿದರೆ ಅಲ್ಲೇ ಇರುತ್ತದೆ. ಹೀಗಾಗದಂತೆ ಖಾಲಿ ಫೋಲ್ಡರನ್ನು ರೂಟ್ ಒಡೆತನದಲ್ಲೇ, 755 (ಬರೆಯುವುದು ಒಡೆಯನಿಗೆ ಮಾತ್ರ) ಅನುಮತಿಯಲ್ಲಿ ಬಿಡಿ. ಮೌಂಟ್ ಆದ ಮೇಲೆ ಯುಐಡಿ ಆಯ್ಕೆಯಿಂದ ಬರೆಯಲು ಬರುತ್ತದೆ, ಆಗದಿದ್ದಾಗ ಸೇವ್ ಅಲ್ಲೇ ತಡೆಯುತ್ತದೆ.

ಇದರ ಜೊತೆಗೆ ಎಫ್‌ಎಸ್‌ಟ್ಯಾಬ್ ಆಯ್ಕೆಗಳಲ್ಲಿ _ನೆಟ್‌ಡೆವ್, ನೋಫೇಲ್, ಎಕ್ಸ್-ಸಿಸ್ಟಮ್‌ಡಿ.ಆಟೋಮೌಂಟ್ ಮೂರನ್ನೂ ಸೇರಿಸಿ. ಮೊದಲೆರಡು, ಇದು ನೆಟ್‌ವರ್ಕಿನದು, ಸಿಗದಿದ್ದರೂ ಬೂಟ್ ನಿಲ್ಲಬಾರದು ಎಂದು ಹೇಳುತ್ತವೆ. ಕೊನೆಯದು ಮುಖ್ಯ: ಬೂಟ್ ಆಗುವಾಗ ಮೌಂಟ್ ಮಾಡಲು ಹೋಗುವುದೇ ಇಲ್ಲ, ಯಾರಾದರೂ ಆ ಫೋಲ್ಡರನ್ನು ಮೊದಲ ಸಲ ಮುಟ್ಟಿದಾಗ ಮಾಡುತ್ತದೆ. ಅಷ್ಟರಲ್ಲಿ ನ್ಯಾಸ್ ಎದ್ದಿರುತ್ತದೆ. ಎದ್ದಿರದಿದ್ದರೆ ಎರರ್ ಬರುತ್ತದೆ, ಸ್ವಲ್ಪ ತಡೆದು ಮತ್ತೆ ಕ್ಲಿಕ್ ಮಾಡಿದರಾಯಿತು. ಕೆಲಸದ ನಡುವೆ ನ್ಯಾಸ್ ಆರಿ, ಫೋಲ್ಡರ್ ಮುಟ್ಟಿದ ಪ್ರೋಗ್ರಾಮೆಲ್ಲ ನಿಂತುಹೋದರೆ ಯುಮೌಂಟ್ -ಎಲ್ ಹೊಡೆಯಿರಿ.

ಮೌಂಟ್ ಆಗಿದ್ದೂ ಕಾಣದಿದ್ದರೆ

ಉಬುಂಟುವಿನಲ್ಲಿ ಸ್ನ್ಯಾಪ್ ಎಂಬ ಪ್ಯಾಕೇಜ್ ರೂಪದಲ್ಲಿ ಬರುವ ಪ್ರೋಗ್ರಾಮುಗಳಿಗೆ ಬೇಲಿ ಇದೆ. /ಎಂಎನ್‌ಟಿ, /ಮೀಡಿಯಾ ಕಡೆ ನೋಡಲು ರಿಮೂವಬಲ್-ಮೀಡಿಯಾ ಎಂಬ ಅನುಮತಿ ಬೇಕು. ಸ್ನ್ಯಾಪ್ ಕನೆಕ್ಟ್ ಕಮಾಂಡಿನಿಂದ ಕೊಡಬಹುದು. ಷೇರನ್ನು ಬೇರೆಲ್ಲೋ ಮೌಂಟ್ ಮಾಡಿದರೆ ಈ ಅನುಮತಿಯೂ ಕೆಲಸಕ್ಕೆ ಬಾರದು, ಆದ್ದರಿಂದ /ಎಂಎನ್‌ಟಿಯೇ ಸುರಕ್ಷಿತ. ಫ್ಲ್ಯಾಟ್‌ಪ್ಯಾಕ್ ಎಂಬ ಮತ್ತೊಂದು ಪ್ಯಾಕೇಜ್ ರೂಪದ ಬೇಲಿ ಇನ್ನೊಂದು ಬಗೆ. ಓಪನ್ ಕಿಟಕಿಯಲ್ಲಿ ನೀವು ಆರಿಸಿದ ಆ ಒಂದು ಫೈಲನ್ನಷ್ಟೇ ಪ್ರೋಗ್ರಾಮಿಗೆ ಒಳಗೆ ಬಿಡುತ್ತದೆ. ಲೇಬಲ್ ಡಿಸೈನ್ ತೆರೆದು, ಅದಕ್ಕೆ ಜೋಡಿಸಿದ್ದ ಲೋಗೊ ಚಿತ್ರ ಮಾತ್ರ ಮಾಯವಾಗಿದ್ದರೆ ಇದೇ ಕಾರಣ: ಚಿತ್ರ ಪಕ್ಕದಲ್ಲೇ ಇದ್ದರೂ ಅದಕ್ಕೆ ಅನುಮತಿ ಸಿಕ್ಕಿಲ್ಲ. ಫ್ಲ್ಯಾಟ್‌ಪ್ಯಾಕ್ ಓವರ್‌ರೈಡ್ ಕಮಾಂಡಿನಲ್ಲಿ ಫೈಲ್‌ಸಿಸ್ಟಮ್ ಆಯ್ಕೆಗೆ /ಎಂಎನ್‌ಟಿ/ಡಿಸೈನ್ಸ್ ಕೊಟ್ಟರೆ ಇಡೀ ಫೋಲ್ಡರ್ ಸಿಗುತ್ತದೆ.

ಫೈಲಿನ ಕನ್ನಡ ಹೆಸರು ಪ್ರಶ್ನಾರ್ಥಕ ಚಿಹ್ನೆಗಳಾಗಿ ಕಂಡರೆ ಐಒಚಾರ್‌ಸೆಟ್=ಯುಟಿಎಫ್8 ಸೇರಿಸಿ. ಉದ್ದದ ವಿಷಯ ಬೇರೆ. ಲಿನಕ್ಸ್‌ನಲ್ಲಿ ಒಂದು ಹೆಸರಿಗೆ 255 ಬೈಟ್ ಮಿತಿ, ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಸಂಕೇತಕ್ಕೆ 3 ಬೈಟ್. ಬಳ್ಳಾರಿ ಎಂದು ಬರೆದರೆ ಒತ್ತು, ಗುಣಿತದ ಚಿಹ್ನೆ, ಅಡಗಿದ ವಿರಾಮ ಎಲ್ಲ ಸೇರಿ 7 ಸಂಕೇತ, 21 ಬೈಟ್. ಒಟ್ಟು 85 ಸಂಕೇತಕ್ಕೆ ಹೆಸರು ಮುಗಿಯಿತು. ವಿಂಡೋಸ್ ಬೈಟ್ ಲೆಕ್ಕ ಹಾಕದ್ದರಿಂದ ಅಲ್ಲಿ ಇಟ್ಟ ಉದ್ದುದ್ದ ಕನ್ನಡ ಹೆಸರು ಲಿನಕ್ಸ್ ಡಿಸ್ಕಿಗೆ ಕಾಪಿ ಆಗುವಾಗ ಫೈಲ್ ನೇಮ್ ಟೂ ಲಾಂಗ್ ಎಂದು ನಿಲ್ಲುತ್ತದೆ.

ಎಲ್ಲ ಕಂಪ್ಯೂಟರೂ ಲಿನಕ್ಸೇ ಆಗಿದ್ದರೆ ಎಸ್‌ಎಂಬಿಗೆ ಬದಲು ಎನ್‌ಎಫ್‌ಎಸ್ ಎಂಬ ಫೈಲು ಹಂಚುವ ಪದ್ಧತಿ ಹಗುರ; ಸನ್ ಕಂಪನಿ 1984ರಲ್ಲಿ ತಂದದ್ದು. ಅದರ ಮಾಮೂಲಿ ಬಳಕೆಯಲ್ಲಿ ಪಾಸ್‌ವರ್ಡ್ ಇಲ್ಲ, ಬಳಕೆದಾರನ ಸಂಖ್ಯೆಯೇ ಗುರುತು. ಎರಡು ಕಂಪ್ಯೂಟರಿನಲ್ಲಿ ಒಂದೇ ಹೆಸರಿನವನ ಸಂಖ್ಯೆ 1000, 1001 ಎಂದು ಬೇರೆಯಾದರೆ ತನ್ನದೇ ಫೈಲು ತನಗೆ ತಿದ್ದಲು ಬರುವುದಿಲ್ಲ. ಮನೆಯಿಂದ ಆಫೀಸಿನ ಫೈಲು ಬೇಕಾದವರಿಗೆ ಎಸ್‌ಎಸ್‌ಎಚ್ ಎಂಬ ಸುರಕ್ಷಿತ ಸಂಪರ್ಕದ ಮೂಲಕ ಮೌಂಟ್ ಮಾಡುವ ಎಸ್‌ಎಸ್‌ಎಚ್‌ಎಫ್‌ಎಸ್ ಸಾಕು.

ಇಬ್ಬರು ಒಂದೇ ಹಾಳೆಯನ್ನು ಒಟ್ಟಿಗೆ ತಿದ್ದದಿರಲಿ ಎಂದು, ಯಾರಾದರೂ ಅದನ್ನು ತೆರೆದಾಗ ಲಿಬ್ರೆಆಫೀಸ್ ಅದೇ ಫೋಲ್ಡರಿನಲ್ಲಿ .~ಲಾಕ್ ಎಂದು ಶುರುವಾಗಿ # ಚಿಹ್ನೆಯಲ್ಲಿ ಮುಗಿಯುವ ಪುಟ್ಟ ಕಡತ ಇಡುತ್ತದೆ. ಕರೆಂಟ್ ಹೋದಾಗ ಅದು ಅಲ್ಲೇ ಉಳಿದು, ಯಾರೂ ತೆರೆದಿರದ ಹಾಳೆಯೂ ರೀಡ್-ಓನ್ಲಿ ಎನ್ನುತ್ತದೆ. ಕಂಟ್ರೋಲ್ ಮತ್ತು ಎಚ್ ಒತ್ತಿ ಮರೆಯ ಫೈಲು ತೋರಿಸಿಕೊಂಡು, ನಿಜಕ್ಕೂ ಯಾರೂ ತೆರೆದಿಲ್ಲ ಎಂದು ಕೇಳಿಕೊಂಡು, ಅದನ್ನು ಅಳಿಸಿ. ಡೇಟಾಬೇಸ್ ಫೈಲುಗಳ ಮಾತೇ ಬೇರೆ. ಒಳಗೆ ಎಸ್‌ಕ್ಯುಲೈಟ್ ಎಂಬ ಡೇಟಾಬೇಸ್ ಬಳಸುವ ಬಿಲ್ಲಿಂಗ್ ಪ್ರೋಗ್ರಾಮಿನ ಡೇಟಾವನ್ನು ಷೇರಿನ ಮೇಲಿಟ್ಟು ಎರಡು ಕಂಪ್ಯೂಟರಿನಿಂದ ತೆರೆದರೆ, ನೆಟ್‌ವರ್ಕ್ ಮೇಲಿನ ಲಾಕ್ ಕೈಕೊಟ್ಟ ದಿನ ಫೈಲು ಕೆಡುತ್ತದೆ, ಮೌಂಟ್ ಎಷ್ಟೇ ಸರಿಯಿದ್ದರೂ. ಅಂಥದ್ದನ್ನು ಲೋಕಲ್ ಡಿಸ್ಕಿನಲ್ಲೇ ಇಟ್ಟು, ಸಂಜೆ ಪ್ರೋಗ್ರಾಂ ಮುಚ್ಚಿದ ಮೇಲೆ ಪ್ರತಿಯನ್ನು ಷೇರಿಗೆ ಕಾಪಿ ಮಾಡಿ.