ಗದ್ದೆಯೂ ಹೊಳೆಯ ಜಾಗವೇ

ಮಳೆಗಾಲದಲ್ಲಿ ಕೊಡಗಿನವರು ಫೋನ್ ಮಾಡಿದರೆ ಮೊದಲು ಕೇಳುವುದು, "ನಿಮ್ಮಲ್ಲಿ ಎಷ್ಟು ಇಂಚು ಬಂತು?" ಆ ಇಂಚನ್ನು ಒಮ್ಮೆ ಲೀಟರ್ ಲೆಕ್ಕಕ್ಕೆ ತಂದು ನೋಡಿ. ಒಂದು ಸೆಂಟು (ಎಕರೆಯ ನೂರನೇ ಒಂದು ಭಾಗ) ಜಾಗದ ಮೇಲೆ ಒಂದು ಇಂಚು ಮಳೆ ಬಿದ್ದರೆ ಸುಮಾರು 1,000 ಲೀಟರ್. ಐದು ಸೆಂಟಿನ ಸೈಟಿಗೆ 5,000 ಲೀಟರ್, ಹತ್ತಿರ ಹತ್ತಿರ ಒಂದು ಟ್ಯಾಂಕರ್. ದಿನಕ್ಕೆ ಆರು ಇಂಚು ಹೊಡೆದರೆ ಒಂದೇ ಮನೆಯಿಂದ ಆರು ಟ್ಯಾಂಕರ್. ತಾರಸಿ, ಇಂಟರ್‌ಲಾಕ್ ಹಾಕಿದ ಅಂಗಳ, ಸಿಮೆಂಟ್ ರಸ್ತೆ ಇದ್ದರೆ ಹೆಚ್ಚುಕಮ್ಮಿ ಅಷ್ಟೂ ನೀರು ನೇರ ಚರಂಡಿಗೆ, ಅಲ್ಲಿಂದ ತೋಡಿಗೆ, ಅಂದರೆ ಸಣ್ಣ ಹಳ್ಳಕ್ಕೆ.

ಹಿಂದೆ ಈ ನೀರಿಗೆ ಗದ್ದೆ ಇತ್ತು. ನಮ್ಮಲ್ಲಿ ಮನೆ ದಿಣ್ಣೆಯ ಮೇಲೆ, ಗದ್ದೆ ತಗ್ಗಿನಲ್ಲಿ, ನಡುವೆ ತೋಡು. ತೋಡು ಉಕ್ಕಿದರೆ ನೀರು ಗದ್ದೆಗೆ ಹರಡಿ, ಬದುಗಳ ನಡುವೆ ನಿಂತು, ಹೂಳನ್ನು ಅಲ್ಲೇ ಬಿಟ್ಟು, ನಿಧಾನಕ್ಕೆ ವಾಪಸ್ ಇಳಿಯುತ್ತಿತ್ತು. ಒಂದು ಎಕರೆ ಗದ್ದೆಯಲ್ಲಿ ಒಂದು ಅಡಿ ನೀರು ನಿಂತರೆ 12 ಲಕ್ಷ ಲೀಟರ್! ಅಂಥ ಗದ್ದೆಗೆ ಮಣ್ಣು ತುಂಬಿಸಿ ಸೈಟು ಮಾಡಿದಾಗ ಆ ನೀರಿನ ಜಾಗವನ್ನೂ ಮುಚ್ಚಿದೆವು. 2018ರಲ್ಲಿ, ಮತ್ತೆ 2019ರಲ್ಲಿ, ಕುಶಾಲನಗರದ ಬಡಾವಣೆಗಳಿಗೆ ಕಾವೇರಿ ನುಗ್ಗಿದ್ದನ್ನು ಯಾರೂ ಮರೆತಿಲ್ಲ ಅಲ್ವಾ?

ಪ್ರವಾಹ ಬಂದ ಮೇಲೆ ಎಲ್ಲರೂ ಕೇಳುವುದು ಜೆಸಿಬಿ ಮತ್ತು ತಡೆಗೋಡೆ. ಕೆಲವು ಕಡೆ ಗೋಡೆ ಬೇಕೇ ಬೇಕು, ನಿಜ. ಆದರೆ ತೋಡನ್ನು ನೇರ ಮಾಡಿ ಎರಡೂ ಬದಿ ಕಾಂಕ್ರೀಟ್ ಹಾಕಿದರೆ ನೀರಿನ ವೇಗ ಜಾಸ್ತಿಯಾಗುತ್ತದೆ. ವೇಗ ಎರಡು ಪಟ್ಟಾದರೆ ಅದು ಉರುಳಿಸಬಲ್ಲ ಕಲ್ಲಿನ ತೂಕ ಸುಮಾರು 64 ಪಟ್ಟಾಗುತ್ತದೆ. ನಮ್ಮ ಮನೆ ಉಳಿಯಿತು ಅಂದುಕೊಳ್ಳುವಷ್ಟರಲ್ಲಿ ಕೆಳಗಿನವರ ದಂಡೆ ಕುಸಿದಿರುತ್ತದೆ.

ಸಿಂಗಾಪುರದವರು ಇದಕ್ಕೆ ಉಲ್ಟಾ ಮಾಡಿದರು. ಬಿಶಾನ್ ಪಾರ್ಕಿನ ಅಂಚಿನಲ್ಲಿ ಕಲಾಂಗ್ ನದಿ 2.7 ಕಿಲೋಮೀಟರ್ ಉದ್ದದ ನೇರ ಕಾಂಕ್ರೀಟ್ ಕಾಲುವೆಯಾಗಿತ್ತು. ಕಾಂಕ್ರೀಟ್ ಒಡೆದು ನದಿಗೆ ಬಳುಕಲು ಬಿಟ್ಟರು, ಉದ್ದ 3.2 ಕಿಲೋಮೀಟರ್ ಆಯಿತು. ದಂಡೆಯ ಮಣ್ಣನ್ನು ಗಿಡಗಳ ಬೇರಿನಿಂದಲೇ ಹಿಡಿಸಿದರು. 2012ರಿಂದ ಜನ ಅಲ್ಲಿ ನೀರಿನ ಪಕ್ಕದಲ್ಲೇ ಓಡಾಡುತ್ತಾರೆ. ಜೋರು ಮಳೆ ಬಂದಾಗ ಪಾರ್ಕಿನ ಹುಲ್ಲುಹಾಸೇ ನದಿಯಾಗುತ್ತದೆ. ನಮ್ಮ ಗದ್ದೆ ಮಾಡುತ್ತಿದ್ದ ಕೆಲಸವೇ ಅದು.

ಗೋಣಿಕೊಪ್ಪಲಿನ ಕೀರೆಹೊಳೆಗೂ ಇದು ಆಗಬೇಕು ಅನ್ನುವುದು ನನ್ನ ಆಸೆ. ಮೊದಲು ಕೊಳಚೆ ನೀರು ನಿಲ್ಲಬೇಕು, ನಾರುವ ಹೊಳೆಯ ಪಕ್ಕ ಯಾರು ವಾಕಿಂಗ್ ಬರುತ್ತಾರೆ? ಆಮೇಲೆ ಉಳಿದಿರುವ ಗದ್ದೆಯನ್ನು ಗದ್ದೆಯಾಗಿಯೇ ಬಿಡಬೇಕು, ಬಿಟ್ಟುಕೊಡುವವರಿಗೆ ತಕ್ಕ ಹಣ ಕೊಡಬೇಕು. ದಂಡೆಗೆ ಬಿದಿರು, ವಾಟೆ, ಹೊಂಗೆ ಸಾಕು.

ಮಳೆ ಇಳಿದ ಮೇಲೆ ಹೊಳೆ ಬದಿಯ ಬಿದಿರು ಮೆಳೆ ನೋಡಿ. ಹಾಲಿನ ಕವರು, ಹರಿದ ಗೊಬ್ಬರ ಚೀಲ ಎಲ್ಲಾ ಒಂದೇ ಮಟ್ಟಕ್ಕೆ ಸಿಕ್ಕಿಕೊಂಡಿರುತ್ತವೆ. ನೀರು ಅಲ್ಲಿಯವರೆಗೆ ಬಂದಿತ್ತು. ವಿಜ್ಞಾನಿಗಳೂ ಇಂಥ ಗುರುತುಗಳನ್ನೇ ಅಳೆಯುತ್ತಾರೆ. ಕವರು ಕಿತ್ತು ಹಾಕುವ ಮೊದಲು ಆ ಮಟ್ಟವನ್ನು ಸೇತುವೆಯ ಕಂಬದ ಮೇಲೆ ಗೆರೆ ಎಳೆದು, ಪಕ್ಕದಲ್ಲಿ ಇಸವಿ ಬರೆದಿಡಬಹುದು. ಒಂದು ಡಬ್ಬಿ ಪೇಂಟ್ ಸಾಕು.