ಕಬ್ಬಿಣ ಅಲುಗಿದರೆ ಹಾಡು

ಹೋದ ತಿಂಗಳು ಕೊಪ್ಪಳದಲ್ಲಿ ಪರಿಚಯದವರ ಮೋಟರ್ ವೈಂಡಿಂಗ್ ಅಂಗಡಿಯಲ್ಲಿ ಒಂದು ಪ್ರಯೋಗ ಮಾಡಿ ತೋರಿಸಿದೆ. ಹಳೇ ಎಲೆಕ್ಟ್ರಿಕ್ ಗಿಟಾರಿನಿಂದ ಬಿಚ್ಚಿದ ಪಿಕಪ್ (ತಂತಿಗಳ ಕೆಳಗೆ ಕೂರುವ ಚಿಕ್ಕ ಬಿಡಿಭಾಗ) ಒಂದನ್ನು ಟೇಬಲ್ ಮೇಲಿಟ್ಟು, ಅದರ ಎರಡು ವೈರುಗಳನ್ನು ಆಂಪ್ಲಿಫೈಯರಿಗೆ ಕೊಟ್ಟೆ. ಅಷ್ಟೇ. ಗಿಟಾರಿಲ್ಲ, ತಂತಿಯಿಲ್ಲ, ಕಟ್ಟಿಗೆಯಿಲ್ಲ. ಪಿಕಪ್ಪಿನ ಹತ್ತಿರ ಬಾಯಿಟ್ಟು "ಹಲೋ" ಅಂದೆ. ಸ್ಪೀಕರ್ ಸುಮ್ಮನಿತ್ತು. ಆಮೇಲೆ ಅಲ್ಲೇ ಬಿದ್ದಿದ್ದ ಹ್ಯಾಕ್ಸಾ ಬ್ಲೇಡಿನ ಒಂದು ತುದಿಯನ್ನು ಕಟ್ಟಿಗೆ ತುಂಡಿನ ಮೇಲೆ ಒತ್ತಿ ಹಿಡಿದು, ಇನ್ನೊಂದು ತುದಿ ಪಿಕಪ್ಪಿನ ಮೇಲೆ ಬರುವ ಹಾಗೆ ಚಾಚಿ, ಬೆರಳಿನಿಂದ ಮೀಟಿದೆ. ಡ್ರೊಂಯ್ ಅಂತ ಅಂಗಡಿ ತುಂಬ ಸದ್ದು! ಅದೇ ಜಾಗದಲ್ಲಿ ಪ್ಲಾಸ್ಟಿಕ್ ಸ್ಕೇಲ್ ಇಟ್ಟು ಅಷ್ಟೇ ಜೋರಾಗಿ ಮೀಟಿದೆ. ಸ್ಕೇಲಿನ ಟರ್ರ್ ಸದ್ದು ಕಿವಿಗೆ ಕೇಳಿತು, ಸ್ಪೀಕರಿನಿಂದ ಏನೂ ಬರಲಿಲ್ಲ.

"ಹಂಗಾದ್ರ ಒಳಗ ಮೈಕ್ ಇರೂದಿಲ್ಲೇನ್ರಿ?" ಅಂತ ಅಂಗಡಿಯ ಹುಡುಗ ಕೇಳಿದ.

ಇಲ್ಲ. ಈ ಒಂದು ಮಾತನ್ನು ಎಷ್ಟು ಜನರಿಗೆ ಹೇಳಿದ್ದೇನೋ ಲೆಕ್ಕವಿಲ್ಲ. ಎಲೆಕ್ಟ್ರಿಕ್ ಗಿಟಾರಿನ ಪಿಕಪ್ ಗಾಳಿಯಲ್ಲಿ ಬರುವ ಸದ್ದನ್ನು ಕೇಳಿಸಿಕೊಳ್ಳುವುದಿಲ್ಲ. ತನ್ನ ಮುಂದೆ ಕಬ್ಬಿಣ ಅಲುಗುತ್ತಿದೆಯಾ ಅನ್ನುವುದೊಂದೇ ಅದಕ್ಕೆ ಗೊತ್ತಾಗುವುದು. ಇದು ತಲೆಗೆ ಹೋದರೆ "ಒಳ್ಳೇ ಗಿಟಾರ್ ಬೇಕಂದ್ರೆ ಲಕ್ಷ ರೂಪಾಯಿ ಕೊಡಬೇಕು, ವಿದೇಶದ ಮರವೇ ಬೇಕು" ಅನ್ನುವ ಹೆದರಿಕೆ ಬಹಳಷ್ಟು ಕರಗಿಹೋಗುತ್ತದೆ. ನನಗೆ ಕರಗಿತು. ಆರು ತಿಂಗಳಲ್ಲಿ ಹಳೇ ಸಾಮಾನು ಕೂಡಿಹಾಕಿ ಒಂದು ಗಿಟಾರ್ ಕಟ್ಟಿದೆ, ಎಲ್ಲ ಸೇರಿ ಎರಡೂವರೆ ಸಾವಿರ ರೂಪಾಯಿ ಒಳಗೇ ಆಯಿತು.

ಮದುವೆ ಆರ್ಕೆಸ್ಟ್ರಾದಲ್ಲಿ ನುಡಿಸುತ್ತಿದ್ದವರೊಬ್ಬರ ಮನೆಯ ಅಟ್ಟದಲ್ಲಿ ಬಾಡಿ ಸೀಳಿದ ಗಿಟಾರ್ ಇತ್ತು. ಅದರ ನೆಕ್, ಅಂದರೆ ಬೆರಳಿಟ್ಟು ನುಡಿಸುವ ಉದ್ದನೆಯ ಕುತ್ತಿಗೆ, ಮಾತ್ರ ನೆಟ್ಟಗಿತ್ತು. ಕಣ್ಣಿನ ಮಟ್ಟಕ್ಕೆ ಹಿಡಿದು, ಬಡಿಗೇರರು ಹಲಗೆಯ ಸೊಟ್ಟ ನೋಡುವ ಹಾಗೆ ಉದ್ದಕ್ಕೂ ನೋಡಿದೆ. ಏಳುನೂರಕ್ಕೆ ಕೊಟ್ಟರು. ಬಾಡಿಗೆ ಬೇವಿನ ಹಲಗೆ, ನಮ್ಮ ದೊಡ್ಡಪ್ಪನ ಹಳೇ ಮನೆ ಕೆಡವಿದಾಗ ಉಳಿದ ಬಾಗಿಲಿನದು. ಮೂವತ್ತು ವರ್ಷ ಬಿಸಿಲು ಕುಡಿದು ಒಣಗಿದ ಕಟ್ಟಿಗೆ, ಇನ್ನು ಸೊಟ್ಟಾಗುವ ಭಯವಿಲ್ಲ. ಪಿಕಪ್, ಬ್ರಿಜ್ (ಬಾಡಿಯ ಮೇಲೆ ತಂತಿಗಳ ಕೆಳತುದಿ ಕೂರುವ ಪಟ್ಟಿ), ತಂತಿ ಬಿಗಿಯುವ ಕೀಲಿಗಳು ಹಳೇ ಸಾಮಾನು ಮಾರುವವರ ಹತ್ತಿರ ಬಿಡಿಬಿಡಿಯಾಗಿ ಸಿಕ್ಕವು.

ಬೇವು ಅಂದ ಕೂಡಲೇ ಗಿಟಾರ್ ಬಲ್ಲ ಒಬ್ಬರು ಮುಖ ಸಿಂಡರಿಸಿದರು. "ಮರದಿಂದಲೇ ಟೋನ್ ಬರೋದು" ಅಂದರು. ಏಕತಾರಿಗೆ, ತಂಬೂರಿಗೆ, ವೀಣೆಗೆ ಆ ಮಾತು ನಿಜ. ತೆಳ್ಳಗಿನ ತಂತಿ ತಾನಾಗಿ ಗಾಳಿಯನ್ನು ಅಲುಗಿಸಲಾರದು. ಬುರುಡೆಯೋ ಹಲಸಿನ ಕೊಡವೋ ಅದರ ಜೊತೆ ಅಲುಗಿ ಗಾಳಿಯನ್ನು ತಳ್ಳಬೇಕು. ಎಲೆಕ್ಟ್ರಿಕ್ ಗಿಟಾರಿನಲ್ಲಿ ಆ ಕೆಲಸ ಸ್ಪೀಕರಿನದು. ಕಟ್ಟಿಗೆ ತಂತಿಯ ಎರಡು ತುದಿಗಳನ್ನು ಗಟ್ಟಿಯಾಗಿ ಹಿಡಿದುಕೊಂಡರೆ ಸಾಕು. ತಂತಿಯ ಅಲುಗಾಟವನ್ನು ಕಟ್ಟಿಗೆ ಸ್ವಲ್ಪ ಹೀರಿಕೊಳ್ಳುತ್ತದೆ, ಅದರಿಂದ ಚೂರು ವ್ಯತ್ಯಾಸ ಬರಬಹುದು. ಆದರೆ ಪಿಕಪ್ಪನ್ನು ಎರಡು ಮಿಲಿಮೀಟರ್ ಮೇಲೆ ಕೆಳಗೆ ಮಾಡಿದರೆ ಬರುವ ವ್ಯತ್ಯಾಸದ ಮುಂದೆ ಅದು ಏನೂ ಅಲ್ಲ ಅಂತಲೇ ನನ್ನ ಅನುಭವ.

ಇತಿಹಾಸವೂ ಇದನ್ನೇ ಹೇಳುತ್ತದೆ. ಅಮೆರಿಕದಲ್ಲಿ ಜಾರ್ಜ್ ಬೋಶಾಂಪ್ ಮತ್ತು ಅಡಾಲ್ಫ್ ರಿಕನ್‌ಬ್ಯಾಕರ್ 1932ರಲ್ಲಿ ಮಾರುಕಟ್ಟೆಗೆ ತಂದ ಎಲೆಕ್ಟ್ರಿಕ್ ಗಿಟಾರಿನಲ್ಲಿ ಮರವೇ ಇರಲಿಲ್ಲ, ಪೂರ್ತಿ ಅಲ್ಯೂಮಿನಿಯಂ ಎರಕ. ನೋಡಲು ಬಾಣಲೆಯ ಹಾಗಿತ್ತು, ಜನ ಅದನ್ನು 'ಫ್ರೈಯಿಂಗ್ ಪ್ಯಾನ್' ಅಂತಲೇ ಕರೆದರು. ಪೇಟೆಂಟ್ ಸಿಕ್ಕಿದ್ದು 1937ರಲ್ಲಿ. ಅಲ್ಲಿನ ಗಿಟಾರ್ ವಾದಕ ಲೆಸ್ ಪಾಲ್ 1940ರ ಹೊತ್ತಿಗೆ ನಾಲ್ಕಿಂಚು ದಪ್ಪದ ಪೈನ್ ತೊಲೆಗೆ ತಂತಿ, ಪಿಕಪ್ ಹಾಕಿ ನುಡಿಸಿದರು. ತೊಲೆ ನೋಡಿ ಜನ ಮೂಗು ಮುರಿಯಬಾರದು ಅಂತ ಎರಡೂ ಪಕ್ಕಕ್ಕೆ ಬೇರೆ ಗಿಟಾರಿನ ಸೀಳಿದ ಬಾಡಿ ಅಂಟಿಸಿದರು. ನನಗೆ ಎಲ್ಲರಿಗಿಂತ ಇಷ್ಟ ಬ್ರಿಟನ್ನಿನ ಕ್ವೀನ್ ಬ್ಯಾಂಡಿನ ಗಿಟಾರ್ ವಾದಕ ಬ್ರಯಾನ್ ಮೇ. 1963ರಲ್ಲಿ ಹದಿನಾರರ ಹುಡುಗ, ಅಪ್ಪನ ಜೊತೆ ಮನೆಯಲ್ಲೇ ಗಿಟಾರ್ ಕಟ್ಟಲು ಶುರು ಮಾಡಿದ. ನೆಕ್ ಹಳೇ ಬೆಂಕಿಗೂಡಿನ ಕಟ್ಟಿಗೆಯದು, ಸ್ವರ ನಡುಗಿಸುವ ಹಿಡಿಕೆಯ ಸ್ಪ್ರಿಂಗ್ ಮೋಟಾರ್ ಸೈಕಲ್ ಎಂಜಿನ್ನಿನದು, ಆ ಹಿಡಿಕೆಯ ತುದಿಗೆ ಅಮ್ಮನ ಹೆಣಿಗೆ ಕಡ್ಡಿ, ನೆಕ್ ಮೇಲಿನ ಚುಕ್ಕಿಗಳಿಗೆ ಅಮ್ಮನ ಗುಂಡಿ ಡಬ್ಬಿಯ ಮುತ್ತಿನ ಚಿಪ್ಪಿನ ಗುಂಡಿಗಳು. ಆ ಗಿಟಾರನ್ನೇ ಜೀವಮಾನವಿಡೀ ದೊಡ್ಡ ದೊಡ್ಡ ಮೈದಾನಗಳಲ್ಲಿ ನುಡಿಸಿದರು. 2007ರಲ್ಲಿ ಖಗೋಳ ವಿಜ್ಞಾನದಲ್ಲಿ ಪಿಎಚ್.ಡಿ.ಯನ್ನೂ ಮಾಡಿದರು.

ಸರಿ, ಈಗ ಪಿಕಪ್ಪಿಗೆ ಬರುತ್ತೇನೆ. ಇದನ್ನು ನಿಧಾನವಾಗಿಯೇ ಹೇಳಬೇಕು, ಎಷ್ಟು ಸಲ ಯೋಚಿಸಿದರೂ ನನಗೆ ಇದರ ಸೊಗಸು ಸಾಲುವುದಿಲ್ಲ.

ಒಳಗಿರುವುದು ಎರಡೇ. ಆಯಸ್ಕಾಂತದ ಆರು ಗೂಟಗಳು, ಅವುಗಳ ಸುತ್ತ ತಾಮ್ರದ ತಂತಿಯ ಸುರುಳಿ. ಊದಿನಕಡ್ಡಿ ಇಟ್ಟ ಪೆಟ್ಟಿಗೆಯಲ್ಲಿ ಬಟ್ಟೆ ಇಟ್ಟರೆ ಅದಕ್ಕೂ ವಾಸನೆ ಹತ್ತುತ್ತದೆ, ಅಲ್ವಾ? ಹಾಗೆ ಆಯಸ್ಕಾಂತದ ಮೇಲೆ ಹಾದುಹೋಗುವ ಉಕ್ಕಿನ ತಂತಿಗೆ ಅದನ್ನು ಮುಟ್ಟದೆಯೇ ಆಯಸ್ಕಾಂತದ ಗುಣ ಹತ್ತುತ್ತದೆ. ಗೂಟದ ಮೇಲಿರುವಷ್ಟು ತಂತಿಯ ತುಂಡು ತಾನೇ ಒಂದು ಚಿಕ್ಕ ಆಯಸ್ಕಾಂತವಾಗುತ್ತದೆ. ಅದನ್ನು ಮೀಟಿದಾಗ ಆ ಚಿಕ್ಕ ಆಯಸ್ಕಾಂತ ಸುರುಳಿಯ ಮುಂದೆ ಹೋಗಿ ಬಂದು ಮಾಡುತ್ತದೆ. ಆಯಸ್ಕಾಂತ ಅಲುಗಿದರೆ ಪಕ್ಕದ ಸುರುಳಿಯಲ್ಲಿ ಕರೆಂಟು ಹುಟ್ಟುತ್ತದೆ ಅಂತ ಮೈಕೆಲ್ ಫ್ಯಾರಡೆ 1831ರಲ್ಲೇ ಕಂಡುಕೊಂಡಿದ್ದ. ಮುನಿರಾಬಾದಿನ ಪವರ್ ಹೌಸಿನಲ್ಲಿ ತುಂಗಭದ್ರೆಯ ನೀರು ತಿರುಗಿಸುವ ಯಂತ್ರದೊಳಗೆ ನಡೆಯುವುದೂ ಇದೇ. ಅಲ್ಲಿ ನೀರು ತಿರುಗಿಸುತ್ತದೆ, ಇಲ್ಲಿ ಬೆರಳು ಮೀಟುತ್ತದೆ.

ಮುಖ್ಯ ಮಾತು ಅಲುಗುವುದು. ಆಯಸ್ಕಾಂತ ಎಷ್ಟೇ ಜೋರಿನದಿರಲಿ, ಸುಮ್ನೆ ನಿಂತಿದ್ದರೆ ಸೊನ್ನೆ. ಕಾವಲು ನಾಯಿ ಹೊಲದ ಬೆದರುಬೊಂಬೆಗೆ ಬೊಗಳುವುದಿಲ್ಲ, ಅದು ನಿಂತಲ್ಲೇ ನಿಂತಿರುತ್ತದೆ. ಗಾಳಿಗೆ ಅದರ ತೋಳು ಅಲ್ಲಾಡಿತೋ, ಬೊಗಳಾಟ ಶುರು. ಬಿರುಸಾಗಿ ಅಲ್ಲಾಡಿದಷ್ಟೂ ಜೋರು. ಸುರುಳಿಯೂ ಅಂಥದ್ದೇ ನಾಯಿ. ದಪ್ಪನೆಯ ತಂತಿ ಸೆಕೆಂಡಿಗೆ 82 ಸಲ ಅಲುಗಿದರೆ ಕರೆಂಟೂ 82 ಸಲ ಹೋಗಿ ಬರುತ್ತದೆ. ತೀರಾ ತೆಳ್ಳಗಿನದು ಸುಮಾರು 330 ಸಲ.

ಒಂದೇ ಸುತ್ತಿನಲ್ಲಿ ಹುಟ್ಟುವ ಕರೆಂಟಿನ ಒತ್ತಡ ಲೆಕ್ಕಕ್ಕೇ ಇಲ್ಲ. ಅದಕ್ಕೇ ಒಂದು ಸಾಮಾನ್ಯ ಪಿಕಪ್ಪಿನಲ್ಲಿ ಏಳೆಂಟು ಸಾವಿರ ಸುತ್ತು ಇರುತ್ತವೆ. ಗವಿಮಠದ ಜಾತ್ರೆಯಲ್ಲಿ ತೇರಿನ ಹಗ್ಗ ಹಿಡಿದವರನ್ನು ನೆನಪಿಸಿಕೊಳ್ಳಿ. ಒಬ್ಬ ಎಳೆದರೆ ತೇರಿನ ಗಾಲಿ ಮಿಸುಕುವುದಿಲ್ಲ. ಎಲ್ಲರೂ ಒಂದೇ ಹಗ್ಗಕ್ಕೆ ಕೈಹಾಕಿ ಒಂದೇ ಕಡೆಗೆ ಜಗ್ಗಿದರೆ ಹೊರಡುತ್ತದೆ. ಎಂಟು ಸಾವಿರ ಸುತ್ತು ಅಂದರೆ ಎಂಟು ಸಾವಿರ ಜನ. ಎಲ್ಲರ ಎಳೆತ ಕೂಡಿ ಒಂದು ವೋಲ್ಟಿನ ಹತ್ತನೇ ಒಂದು ಭಾಗದಷ್ಟು ಆಗುತ್ತದೆ, ಆಂಪ್ಲಿಫೈಯರಿಗೆ ಅಷ್ಟು ಸಾಕು. ಅಷ್ಟು ಸುತ್ತು ಅಷ್ಟು ಚಿಕ್ಕ ಜಾಗದಲ್ಲಿ ಹಿಡಿಸಬೇಕಾದರೆ ತಂತಿ ಕೂದಲಿನಷ್ಟು ತೆಳ್ಳಗಿರಬೇಕು, ಸುಮಾರು 0.06 ಮಿಲಿಮೀಟರ್. ವೈಂಡಿಂಗ್ ಅಂಗಡಿಯವರ ಭಾಷೆಯಲ್ಲಿ 46ನೇ ಗೇಜ್. ಸೀಲಿಂಗ್ ಫ್ಯಾನಿನ ತಂತಿ ಇದಕ್ಕಿಂತ ಸುಮಾರು ಮೂರು ಪಟ್ಟು ದಪ್ಪ.

ಕಬ್ಬಿಣ ಕಬ್ಬಿಣ ಅಂತ ಇಷ್ಟು ಸಲ ಹೇಳಿದೆ, ಆದರೆ ಕಬ್ಬಿಣ ಇದ್ದದ್ದೆಲ್ಲ ಆಗುವುದಿಲ್ಲ. ಸಂಡೂರಿನ ಕೆಂಪು ಅದಿರಿನ ಹೆಮಟೈಟ್ ಕಲ್ಲಿಗೆ ಆಯಸ್ಕಾಂತ ಹಿಡಿದು ನೋಡಿ, ಉಕ್ಕಿಗೆ ಅಂಟುವ ಹಾಗೆ ಅಂಟುವುದಿಲ್ಲ. ಒಳಗೆ ಕಬ್ಬಿಣ ತುಂಬಿದೆ. ಪ್ರತಿ ಕಬ್ಬಿಣದ ಪರಮಾಣುವೂ ಒಂದು ಪುಟ್ಟ ಆಯಸ್ಕಾಂತವೇ. ಆದರೆ ಹೆಮಟೈಟಿನಲ್ಲಿ ಅರ್ಧ ಪರಮಾಣುಗಳು ಒಂದು ಕಡೆಗೆ, ಅರ್ಧ ಅದರ ಎದುರು ಕಡೆಗೆ ಮುಖ ಮಾಡಿ ಹಗ್ಗಜಗ್ಗಾಟ ಆಡುತ್ತವೆ, ಹಗ್ಗ ಎಲ್ಲೂ ಹೋಗುವುದಿಲ್ಲ. ಅದೇ ಅದಿರು ಗಿಣಿಗೇರಿ ಕಡೆಯ ಕಾರ್ಖಾನೆಯಲ್ಲಿ ಆಮ್ಲಜನಕ ಕಳೆದುಕೊಂಡು ಬರೀ ಕಬ್ಬಿಣವಾದಾಗ ಅಕ್ಕಪಕ್ಕದ ಪರಮಾಣುಗಳು ಒಂದೇ ಕಡೆ ಮುಖ ಮಾಡುತ್ತವೆ.

ಜಾತ್ರೆಗಳಲ್ಲಿ ಆಯಸ್ಕಾಂತದ ಕಡಗ ಮಾರುವವರ ಮಾತು ಕೇಳಿದಾಗ ನನಗೆ ಸಂಕಟವಾಗುವುದು ಇದಕ್ಕೇ. ರಕ್ತದಲ್ಲಿ ಕಬ್ಬಿಣ ಇದೆ, ಕಡಗ ಅದನ್ನು ಎಳೆದು ರಕ್ತ ಓಡಾಡುವಂತೆ ಮಾಡುತ್ತದೆ ಅನ್ನುತ್ತಾರೆ. ರಕ್ತದ ಕಬ್ಬಿಣ ತಂತಿಯ ಕಬ್ಬಿಣದ ಹಾಗೆ ಅಂಟುವ ಜಾತಿಯದಲ್ಲ. ಎಂಆರ್‌ಐ ಯಂತ್ರದ ಆಯಸ್ಕಾಂತ ಆ ಕಡಗಕ್ಕಿಂತ ಎಷ್ಟೋ ಪಟ್ಟು ಜೋರು, ಅದರೊಳಗೆ ಮಲಗಿ ಎದ್ದವರ ರಕ್ತವನ್ನು ಅದು ಎಳೆದುಕೊಳ್ಳುವುದಿಲ್ಲ. ಮೊಣಕಾಲು ನೋವಿನ ಮುದುಕಿಯೊಬ್ಬರು ಪೆನ್ಷನ್ ದುಡ್ಡು ಕೊಟ್ಟು ಆ ಕಡಗ ಕೊಂಡದ್ದನ್ನು ಕಣ್ಣಾರೆ ನೋಡಿದ್ದೇನೆ.

ಗಿಟಾರಿಗೆ ವಾಪಸ್. ನನ್ನ ಮೊದಲ ಸೋಲು ವಾಲ್ಯೂಮ್ ಕಂಟ್ರೋಲಿನಲ್ಲಿ. ಹಳೇ ಟ್ರಾನ್ಸಿಸ್ಟರ್ ರೇಡಿಯೋದಿಂದ ಬಿಚ್ಚಿದ 10 ಕಿಲೋ ಓಮಿನದು ಹಾಕಿದೆ (ಓಮ್ ಅಂದರೆ ಕರೆಂಟಿಗೆ ಇರುವ ತಡೆಯ ಅಳತೆ). ಸದ್ದು ಕಂಬಳಿ ಹೊದ್ದು ಮಾತಾಡಿದ ಹಾಗೆ ಬಂತು. ಎರಡು ದಿನ ಪಿಕಪ್ ಮೇಲೆ ಅನುಮಾನಪಟ್ಟೆ. ಇದನ್ನು ನಮ್ಮ ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆ ಭಾಗದ ರೈತರಿಗೆ ಬಿಡಿಸಿ ಹೇಳಬೇಕಿಲ್ಲ. ಮೇಲ್ಭಾಗದಲ್ಲಿ ದೊಡ್ಡ ತೂಬು ತೆರೆದಿಟ್ಟರೆ ಮಾನ್ವಿ ಕಡೆಯ ಹೊಲಕ್ಕೆ ನೀರೆಲ್ಲಿಂದ ಬರಬೇಕು? 10 ಕಿಲೋ ಓಮ್ ಅಂದರೆ ಅಂಥ ದೊಡ್ಡ ತೂಬು, ಪಿಕಪ್ ಕೊಟ್ಟ ಸಣ್ಣ ಕರೆಂಟೆಲ್ಲ ಅಲ್ಲೇ ನೆಲಕ್ಕೆ ಹರಿದುಹೋಗುತ್ತದೆ. ಅದರಲ್ಲೂ ಚೂಪು ಸದ್ದೇ ಮೊದಲು ಸಾಯುತ್ತದೆ. ಒಂದೇ ಸುರುಳಿಯ ಪಿಕಪ್ಪಿಗೆ 250 ಕಿಲೋ ಓಮ್ ಬೇಕು, ಜೋಡಿ ಸುರುಳಿಯದಕ್ಕೆ 500. ರಿಪೇರಿ ಅಂಗಡಿಯಲ್ಲಿ ಮೂವತ್ತು ರೂಪಾಯಿಗೆ ಸಿಕ್ಕಿತು. ಬೆಸುಗೆ ಹಾಕಿ ಮೀಟಿದ ಕೂಡಲೇ ಕಂಬಳಿ ಸರಿದ ಹಾಗಾಯಿತು.

ಎರಡನೇ ಸೋಲು ಬ್ರಿಜ್. ಇಲ್ಲಿ ಮಾತ್ರ ಅಂದಾಜು ನಡೆಯುವುದಿಲ್ಲ. ನೆಕ್ಕಿನ ಮೇಲಿನ ತುದಿಯ ಪಟ್ಟಿಯಿಂದ ಹನ್ನೆರಡನೇ ಮೆಟ್ಟಿಗೆ (ಮೆಟ್ಟು ಅಂದರೆ ನೆಕ್ ಮೇಲೆ ಅಡ್ಡಕ್ಕೆ ಕೂರಿಸಿದ ಲೋಹದ ಗೆರೆ) ಎಷ್ಟು ದೂರವೋ, ಅಲ್ಲಿಂದ ಬ್ರಿಜ್ಜಿಗೂ ಅಷ್ಟೇ ದೂರ ಇರಬೇಕು. ನನ್ನ ನೆಕ್ಕಿನಲ್ಲಿ ಅದು 324 ಮಿಲಿಮೀಟರ್, ಅಂದರೆ ಒಟ್ಟು 648. ನಾನು ತೂತು ಕೊರೆದದ್ದು 6 ಮಿಲಿಮೀಟರ್ ಆಚೆ. ಬಿಡಿ ತಂತಿ ಸರಿಯಾಗಿ ಶ್ರುತಿ ಮಾಡಿದರೂ ಹನ್ನೆರಡನೇ ಮೆಟ್ಟಿನಲ್ಲಿ ಸ್ವರ ಕೆಳಗಿಳಿಯುತ್ತಿತ್ತು, ಅರ್ಧ ಸ್ವರದ ಆರನೇ ಒಂದು ಪಾಲು. ಕಡಿಮೆ ಅನ್ನಿಸಬಹುದು, ಕಿವಿಗೆ ಮುಳ್ಳು ಚುಚ್ಚಿದ ಹಾಗೆ ಕೇಳುತ್ತದೆ. ತೂತಿಗೆ ಬೇವಿನ ಬೆಣೆ ಬಡಿದು ಅಂಟಿಸಿ, ಒಣಗಿಸಿ, ಮತ್ತೆ ಕೊರೆದೆ.

ಮೆಟ್ಟುಗಳ ಲೆಕ್ಕಕ್ಕೂ ಒಂದು ಹಳೇ ಕಥೆ ಇದೆ. ಉಳಿದ ಉದ್ದದ ಹದಿನೆಂಟನೇ ಒಂದು ಭಾಗ ಬಿಟ್ಟು ಬಿಟ್ಟು ಮೆಟ್ಟು ಕೂರಿಸಿ ಅಂತ 1581ರಲ್ಲಿ ಬರೆದವರು ವಿನ್ಸೆಂಜೊ ಗೆಲಿಲಿ, ದೂರದರ್ಶಕದ ಗೆಲಿಲಿಯೋನ ಅಪ್ಪ! ಈಗಿನ ಸರಿಯಾದ ಅಂಕಿ 17.817. ಅಪ್ಪನ ತಂತಿಗಳ ನಡುವೆ ಬೆಳೆದ ಹುಡುಗನಿಗೆ ಅಳೆದು ನೋಡುವ ಚಟ ಎಲ್ಲಿಂದ ಬಂತು ಅಂತ ನಾನು ಎಷ್ಟೋ ಸಲ ಯೋಚಿಸಿದ್ದೇನೆ.

ಒಂದೇ ಸುರುಳಿಯ ಪಿಕಪ್ ಮನೆಯ ವೈರಿಂಗಿನ 50 ಹರ್ಟ್ಸ್ ಗುಂಯ್ ಸದ್ದನ್ನೂ ಹಿಡಿಯುತ್ತದೆ. ಗಿಬ್ಸನ್ ಕಂಪನಿಯ ಸೆತ್ ಲವರ್ 1955ರಲ್ಲಿ ಇದಕ್ಕೆ ಉಪಾಯ ಹುಡುಕಿದರು. ಎರಡು ಸುರುಳಿ ಪಕ್ಕಪಕ್ಕ ಇಟ್ಟು, ಎರಡನೆಯದರ ಸುತ್ತು ತಿರುಗುಮುರುಗು, ಆಯಸ್ಕಾಂತವೂ ತಿರುಗುಮುರುಗು. ತಂತಿಯ ಸದ್ದು ಎರಡು ಸಲ ತಿರುಗಿ ಮೊದಲಿನಂತಾಗಿ ಕೂಡಿಕೊಳ್ಳುತ್ತದೆ. ಗುಂಯ್ ಸದ್ದಿಗೆ ಆಯಸ್ಕಾಂತದ ಹಂಗಿಲ್ಲ, ಅದು ಒಂದೇ ಸಲ ತಿರುಗಿ ತನ್ನನ್ನು ತಾನೇ ಅಳಿಸಿಕೊಳ್ಳುತ್ತದೆ.

ಗುಂಯ್ ಸದ್ದು ತೊಂದರೆ ಅಷ್ಟೇ, ಅರ್ಥಿಂಗ್ ಪ್ರಾಣದ ಪ್ರಶ್ನೆ. ಗಿಟಾರಿನ ತಂತಿಗಳು ಬ್ರಿಜ್ಜಿನ ಮೂಲಕ ಆಂಪ್ಲಿಫೈಯರಿನ ಅರ್ಥಿಗೆ ಸೇರಿರುತ್ತವೆ. ಆಂಪ್ಲಿಫೈಯರಿನ ಪೆಟ್ಟಿಗೆಗೆ ಕರೆಂಟ್ ಸೋರಿ, ಎರಡೇ ಪಿನ್ನಿನ ಪ್ಲಗ್ ಇದ್ದರೆ, ಆ ಕರೆಂಟ್ ನೇರ ನಿಮ್ಮ ಬೆರಳಿಗೆ. 1972ರಲ್ಲಿ ಲೆಸ್ ಹಾರ್ವೆ ಅನ್ನುವ ಗಿಟಾರ್ ವಾದಕ ಬ್ರಿಟನ್ನಿನ ಸ್ವಾನ್ಸಿಯಲ್ಲಿ ವೇದಿಕೆ ಮೇಲೆಯೇ ಸತ್ತದ್ದು ಅರ್ಥಿಂಗ್ ಇಲ್ಲದ ಮೈಕ್ ಮುಟ್ಟಿ. ನಮ್ಮ ಪೆಂಡಾಲುಗಳಲ್ಲಿ ಮೂರನೇ ಪಿನ್ ಮುರಿದು ಪ್ಲಗ್ ಚುಚ್ಚುವುದನ್ನು ನೋಡಿದಾಗಲೆಲ್ಲ ಆ ಸಾವು ನೆನಪಾಗುತ್ತದೆ. ಗಿಟಾರಿನಲ್ಲಿ ಏನು ಉಳಿಸಿದರೂ ಉಳಿಸಿ, ಮೂರು ಪಿನ್ನಿನ ಪ್ಲಗ್ ಮತ್ತು ಸರಿಯಾದ ಅರ್ಥಿಂಗಿಗೆ ದುಡ್ಡು ಹಾಕಿ.

ಈಗ ಪಿಕಪ್ಪನ್ನೂ ನಾನೇ ಸುತ್ತುತ್ತಿದ್ದೇನೆ. ಅಮ್ಮನ ಹಳೇ ಹೊಲಿಗೆ ಮಷಿನ್ನಿನ ಚಕ್ರಕ್ಕೆ ಬಾಬಿನ್ ಕಟ್ಟಿ, ಚಕ್ರಕ್ಕೊಂದು ಚಿಕ್ಕ ಆಯಸ್ಕಾಂತ ಅಂಟಿಸಿದ್ದೇನೆ. ಅದರ ಎದುರಿಗೆ ಒಂದು ರೀಡ್ ಸ್ವಿಚ್, ಅಂದರೆ ಆಯಸ್ಕಾಂತ ಹತ್ತಿರ ಬಂದರೆ ತಾನೇ ಆನ್ ಆಗುವ ಸ್ವಿಚ್, ಸ್ವಿಚ್ಚಿನ ಎರಡು ವೈರು ಹಳೇ ಕ್ಯಾಲ್ಕ್ಯುಲೇಟರಿನ '=' ಬಟನ್ನಿಗೆ. 1+1 ಒತ್ತಿಟ್ಟರೆ ಚಕ್ರ ತಿರುಗಿದಂತೆಲ್ಲ ಅಂಕಿ ಒಂದೊಂದೇ ಏರುತ್ತದೆ. ತಂತಿಯನ್ನು ಎರಡು ಬೆರಳ ನಡುವೆ, ಇದೆಯೋ ಇಲ್ಲವೋ ಅನ್ನುವಷ್ಟು ಹಗುರವಾಗಿ ಹಿಡಿಯಬೇಕು. ನಿನ್ನೆ ರಾತ್ರಿ 3,140ನೇ ಸುತ್ತಿಗೆ ತಂತಿ ತುಂಡಾಯಿತು. ತುದಿಯ ಎನಾಮೆಲ್ ಸುಟ್ಟು, ಕೆರೆದು, ಬೆಸುಗೆ ಹಾಕಿ ಮೀಟರ್ ಹಿಡಿದೆ. ಮುಳ್ಳು ಎದ್ದಿತು, ತಂತಿ ಮತ್ತೆ ಕೂಡಿದೆ. ಇನ್ನು 4,500 ಸುತ್ತು ಬಾಕಿ ಇದೆ.